ನೀರು ಕೇಳದ ಚಾಪೆ

ನಾನು ಮಾಡುವ ಕೆಲಸಕ್ಕೆ ನಮ್ಮ ಕಡೆ ಇನ್ನೂ ಹೆಸರಿಲ್ಲ. ಕೊಳ್ಳೇಗಾಲದಲ್ಲಿ ಯಾರಾದರೂ ಏನು ಮಾಡಿಕೊಂಡಿದ್ದೀರಿ ಎಂದು ಕೇಳಿದರೆ, ಮನೆ ಮೇಲೆ ಗಿಡದ ಚಾಪೆ ಹಾಸುತ್ತೇನೆ ಎನ್ನುತ್ತೇನೆ. ಕೇಳಿದವರು ಒಂದು ಗಳಿಗೆ ನನ್ನ ಮುಖ ನೋಡಿ, ಪಾಪ ಎಂದುಕೊಂಡು, ಮಾತನ್ನು ಮಳೆ ಬೆಳೆಯ ಕಡೆಗೆ ತಿರುಗಿಸುತ್ತಾರೆ. ನನ್ನ ಹೆಂಡತಿಯ ತಮ್ಮ ಈ ಕೆಲಸದಲ್ಲಿ ನನ್ನ ಜೊತೆಗಾರ. ಅವನನ್ನು ಕೇಳಿದರೆ, ನಮ್ಮ ಬಾವ ಮಾಡುವುದನ್ನು ನೋಡಿಕೊಂಡಿದ್ದೇನೆ ಎನ್ನುತ್ತಾನೆ. ಅದೇನೂ ಸುಳ್ಳಲ್ಲ.

ಚಾಪೆ ಎಂದರೆ ತೆಂಗಿನ ನಾರಿನ ಚಾಪೆ. ಅದರ ಮೇಲೆ ಸೀಡಮ್ ಎಂಬ ಪುಟ್ಟ ಗಿಡವನ್ನು ಒತ್ತಾಗಿ ಬೆಳೆಸುತ್ತೇನೆ. ಎಲೆ ಅಕ್ಕಿಕಾಳಿನಷ್ಟು ಸಣ್ಣದು, ದಪ್ಪ, ಚಿವುಟಿದರೆ ಒಳಗೆ ನೀರು. ಊರಾಚೆ ನಮ್ಮದೊಂದು ರೇಷ್ಮೆಹುಳು ಸಾಕುತ್ತಿದ್ದ ಮನೆಯಿದೆ. ಹುಳುಗಳ ಚಾಕರಿ ಸಾಕಾಗಿ ಬಿಟ್ಟ ಮೇಲೆ ಅದರ ಅಂಗಳಕ್ಕೆ ನೆರಳುಬಲೆ ಕಟ್ಟಿ, ಹುಳುವಿನ ತಟ್ಟೆ ಜೋಡಿಸುತ್ತಿದ್ದ ಅಟ್ಟಣೆಗಳನ್ನೇ ಹೊರಗೆ ತಂದು ಅಲ್ಲಿ ಈ ಚಾಪೆಗಳನ್ನು ಬೆಳೆಸುತ್ತೇನೆ. ಗಿಡ ಮೈತುಂಬಿಕೊಂಡ ಮೇಲೆ ಚಾಪೆಯನ್ನು ಹಾಸಿಗೆಯ ಹಾಗೆ ಸುತ್ತಿ, ಲಗೇಜ್ ಆಟೋಗೆ ಹೇರಿ, ತಾರಸಿಯ ಮೇಲೆ ಬಿಚ್ಚಿ ಹಾಸುವುದು. ಕೆಳಗಿನ ಕೋಣೆ ತಂಪಾಗುತ್ತದೆ. ಇಷ್ಟೇ ನನ್ನ ವಿದ್ಯೆ.

ಗಿಡ ನೋಡಲು ಗೋಣಿಸೊಪ್ಪಿನ ತಂಗಿಯ ಹಾಗಿರುವುದರಿಂದ ಎಲ್ಲಿ ಹೋದರೂ ಮೊದಲನೇ ಪ್ರಶ್ನೆ ಒಂದೇ, ಬಸ್ಸಾರಿಗೆ ಆಗುತ್ತದೆಯೇ ಎಂದು. ಆಗುವುದಿಲ್ಲ ಎಂದರೆ ಅರ್ಧ ಜನಕ್ಕೆ ಆಸಕ್ತಿಯೇ ಹೊರಟುಹೋಗುತ್ತದೆ. ಯಳಂದೂರಿನಲ್ಲಿ ಒಬ್ಬರ ಕೈತೋಟಕ್ಕೆ ಹಾಸಿದ್ದನ್ನು ಪಕ್ಕದ ಮನೆಯ ಮೇಕೆ ಒಂದು ಮಧ್ಯಾಹ್ನದಲ್ಲಿ ಮೇಯ್ದು ಮುಗಿಸಿತು. ಮನೆಯವರು ಮೇಕೆಯನ್ನು ಬೈಯಲಿಲ್ಲ. ಮೇಕೆ ತಿನ್ನುವಂಥದ್ದನ್ನು ಯಾಕೆ ಹಾಕಿದಿರಿ ಎಂದು ನನ್ನನ್ನು ಬೈದರು. ಮಾಂಬಳ್ಳಿಯಲ್ಲಿ ಇನ್ನೊಬ್ಬರು ಬಾಗಿಲ ಮುಂದೆ ಚೌಕವಾಗಿ ಹಾಸಿಸಿಕೊಂಡು, ನಾನು ಬೆನ್ನು ತಿರುಗಿಸುವ ಮೊದಲೇ ಅದರ ಮೇಲೆ ಕಾಲೊರೆಸಿಕೊಂಡು ಒಳಗೆ ಹೋದರು. ನನಗೆ ಮೂಗಿನ ತುದಿಯಲ್ಲೇ ಕೋಪ. ಆದರೆ ಚಾಪೆ ಎಂದು ಕರೆದವನು ನಾನೇ ಆದ್ದರಿಂದ ಬಾಯಿ ಮುಚ್ಚಿಕೊಂಡು ಬಂದೆ.

ಮೇಕೆಯನ್ನೂ ಕಾಲನ್ನೂ ಹೇಗೋ ತಡೆಯಬಹುದು. ತಡೆಯಲಾಗದ್ದು ನೀರು. ಈ ಗಿಡ ಮರೆತರೆ ಬದುಕುತ್ತದೆ, ನೆನೆಸಿಕೊಂಡರೆ ಸಾಯುತ್ತದೆ. ಹಾಸಿದ ದಿನ ನಾನೇ ನೆನೆಸಿ ಕೊಡುತ್ತೇನೆ, ಆಮೇಲೆ ಇಬ್ಬನಿ, ಆಗೊಮ್ಮೆ ಈಗೊಮ್ಮೆ ಬೀಳುವ ಮಳೆ ಸಾಕು. ಬಿಸಿಲು ಮಿತಿಮೀರಿದರೆ ನಾನೇ ಬಂದು ನೋಡಿಕೊಳ್ಳುತ್ತೇನೆ ಎಂದು ಬಾಯಿ ನೋಯುವಷ್ಟು ಹೇಳುತ್ತೇನೆ. ಆದರೆ ನಮ್ಮ ಜನ ಮನೆಗೆ ಬಂದವರಿಗೆ ನೀರು ಕೊಡದೆ ಕಳಿಸದವರು. ಮನೆ ಮೇಲೇ ಬಂದು ಕೂತ ಗಿಡಕ್ಕೆ ಒಂದು ಚೊಂಬು ನೀರಿಲ್ಲ ಎಂದರೆ ಅವರಿಗೆ ಮನಸ್ಸು ಒಪ್ಪುವುದಿಲ್ಲ. ಅದಕ್ಕೇ ಭಾವಮೈದ ತಗಡಿನ ಒಂದು ಬೋರ್ಡು ಬರೆದಿಟ್ಟುಕೊಂಡಿದ್ದಾನೆ. ಕೆಂಪು ಅಕ್ಷರದಲ್ಲಿ ‘ನೀರು ಹಾಕಬೇಡಿ’. ಹಾಸಿದ ಮನೆಯ ಮೆಟ್ಟಿಲಿಗೆ ಅದನ್ನು ನೇತುಹಾಕಿ ಬರುತ್ತೇವೆ.

ಶಾಗ್ಯ ಎಂಬ ಊರಿನ ಒಂದು ಮನೆಗೂ ಅದನ್ನು ನೇತುಹಾಕಿದ್ದೆವು.

ಆ ಮನೆಗೆ ನನ್ನನ್ನು ಕರೆಸಿದ್ದು ಅಲ್ಲಿಯ ಅಜ್ಜಿ. ಹನೂರಿನ ನೆಂಟರ ಮನೆಗೆ ಹೋಗಿದ್ದಾಗ, ನಾನು ಚಾಪೆ ಹಾಸಿದ್ದ ಕೋಣೆಯಲ್ಲಿ ಮಧ್ಯಾಹ್ನ ಮಲಗಿ ಎದ್ದರಂತೆ. ಎದ್ದು ನೋಡಿದರೆ ಫ್ಯಾನೇ ತಿರುಗುತ್ತಿರಲಿಲ್ಲವಂತೆ. ಊರಿಗೆ ಮರಳಿದವರೇ ಮಕ್ಕಳಿಬ್ಬರನ್ನೂ ಕೂರಿಸಿಕೊಂಡು, ನನ್ನ ಕೋಣೆ ಮೇಲೂ ಅದನ್ನು ಹಾಸಿಸಿ ಎಂದು ಪಟ್ಟು ಹಿಡಿದರು.

ಅದು ಭಾಗವಾದ ಮನೆ. ಉದ್ದನೆಯ ಒಂದೇ ಅಂತಸ್ತಿನ ತಾರಸಿ ಮನೆಯ ಪಡಸಾಲೆಯ ನಡುವೆ ಗೋಡೆ ಎದ್ದಿತ್ತು. ಬಲಗಡೆ ದೊಡ್ಡ ಮಗನ ಸಂಸಾರ, ಎಡಗಡೆ ಚಿಕ್ಕ ಮಗನದು. ಹೊರಗಿನ ಮೆಟ್ಟಿಲು ದೊಡ್ಡವನ ಪಾಲಿಗೆ ಬಂದಿದ್ದರಿಂದ ಚಿಕ್ಕವನು ತಾರಸಿಗೆ ಬಿದಿರಿನ ಏಣಿ ಒರಗಿಸಿಕೊಂಡಿದ್ದ. ಗೋಡೆ ಹಿಂದಕ್ಕೆ ಹೋಗಿ ನಡುಮಧ್ಯದ ಒಂದು ಕೋಣೆಗೆ ಮುಟ್ಟಿ ನಿಂತಿತ್ತು. ಆ ಕೋಣೆಗೆ ಎರಡೂ ಕಡೆಯಿಂದ ಒಂದೊಂದು ಬಾಗಿಲು. ಅದು ಅಜ್ಜಿಯದು. ಅದನ್ನು ಯಾರ ಪಾಲಿಗೂ ಹಾಕಿರಲಿಲ್ಲ. ಆದರೆ ಅಜ್ಜಿ ಅಲ್ಲಿರಲಿಲ್ಲ, ರಾಗಿ ಮೂಟೆ, ಹುರುಳಿ ಮೂಟೆಗಳಿದ್ದವು. ಅಜ್ಜಿ ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಪಾಳಿಯ ಮೇಲೆ ಒಂದು ತಿಂಗಳು ಬಲಗಡೆ, ಒಂದು ತಿಂಗಳು ಎಡಗಡೆ ಇರುತ್ತಿದ್ದರು. ಪಾಳಿ ಮುಗಿದ ದಿನ ಸೊಸೆ ಹಾಸಿಗೆ ಸುತ್ತಿ ಹೊಸಿಲಲ್ಲಿಡುವುದು, ಆ ಕಡೆಯ ಸೊಸೆ ಬಂದು ಎತ್ತಿಕೊಂಡು ಹೋಗುವುದು. ಸೊಸೆಯರಿಬ್ಬರೂ ಮಾತು ಬಿಟ್ಟಿದ್ದರಿಂದ ಹಾಸಿಗೆ ಮಾತ್ರ ಕೈ ಬದಲಾಯಿಸುತ್ತಿತ್ತು.

ನಾನು ತಾರಸಿ ಅಳೆದು ಇಳಿದು ಬಂದಾಗ ಅಜ್ಜಿ ಮೂಟೆಯೊಂದರ ಮೇಲೆ ಕೂತು ನನ್ನನ್ನು ಕರೆದರು.

"ಇಬ್ರೂ ಸೊಸೇರು ನನ್ನ ಚೆಂದಾಗೇ ನೋಡ್ಕತರೆ ಕಣ್ ಮಗ, ಸುಳ್ ಏಳ್ಬಾರ್ದು. ಆದ್ರೆ ಒಂದ್ ಕಡೆ ಕಣ್ಣಿಗೆ ನಿದ್ದೆ ಅತ್ತೋ ಒತ್ಗೆ ಅಮಾಸೆ ಬಂದ್ಬುಡ್ತದೆ. ಈ ಮನೆ ಕಟ್ದಾಗ ನಾನು ಆಲು ಉಕ್ಸಿದ್ದು ಈ ಕೋಣೇಲಿ. ಇಲ್ಲೇ ಇದ್ಬುಡ್ತೀನಿ ಅಂದ್ರೆ ಬ್ಯಾಸ್ಗೇಲಿ ಬೆಂದೋಯ್ತೀಯ ಅಂತರೆ. ಅದೂ ದಿಟವೇ."

ಆಮೇಲೆ ನನ್ನ ಕೈಯಲ್ಲಿದ್ದ ಮಾದರಿ ಚಾಪೆಯ ಸುರುಳಿಯನ್ನು ಮುಟ್ಟಿ ನೋಡಿ ನಕ್ಕರು. "ನೀನೂ ನನ್ನಂಗೇ ಬುಡು, ಚಾಪೆ ಸುತ್ಕಂಡು ಮನೆ ಮನೆ ತಿರುಗ್ತೀಯ."

ಮಕ್ಕಳು ಒಂದು ಮಾತಿಗೆ ಬಂದರು. ಯುಗಾದಿಯ ಹಿಂದಿನ ದಿನದ ಅಮಾವಾಸ್ಯೆಯ ಹೊತ್ತಿಗೆ, ಆ ಬಿಸಿಲಲ್ಲಿ, ಕೋಣೆ ತಂಪಾಗಿದ್ದರೆ ಅವ್ವ ಅಲ್ಲೇ ಇರಲಿ. ಇಲ್ಲದಿದ್ದರೆ ಪಾಳಿ ಇದ್ದೇ ಇದೆ. ನನಗೆ ಅಜ್ಜಿಯ ಮಾತು ಎದೆಗೆ ನಾಟಿತ್ತು. ಆದರೆ ನನ್ನ ಬಾಯಿ ಸುಮ್ಮನಿರುವುದಿಲ್ಲ. ಕೋಣೆ ತಂಪಾಗದಿದ್ದರೆ ಈ ಕಸುಬೇ ಬಿಡುತ್ತೇನೆ ಎಂದು ಎಲ್ಲರೆದುರಿಗೆ ಹೇಳಿಬಿಟ್ಟೆ. ಭಾವಮೈದ ಆಗಲೇ ತಲೆ ಚಚ್ಚಿಕೊಂಡ.

ದೀಪಾವಳಿ ಕಳೆದು ಮಳೆ ಹಿಂದೆ ಸರಿದ ಮೇಲೆ ಹಾಸಿದೆವು. ಬರೀ ಕೋಣೆಯ ಮೇಲೆ ಹಾಸಿದರೆ ಸುತ್ತಲಿನ ಕಾದ ತಾರಸಿ ಅದನ್ನೂ ಕಾಯಿಸುತ್ತದೆ. ಆದ್ದರಿಂದ ಇಡೀ ತಾರಸಿಗೆ ಹಾಸುವುದು, ಖರ್ಚು ಇಬ್ಬರದೂ ಸಮ ಎಂದಾಗಿತ್ತು. ಆ ತಾರಸಿ ನಡುವೆ ಒಂದಿಷ್ಟು ಎತ್ತರ, ಅಲ್ಲಿಂದ ಎರಡೂ ಕಡೆಗೆ ಇಳಿಜಾರು. ನೀರು ಹೋಗಲು ಆ ತುದಿಗೊಂದು, ಈ ತುದಿಗೊಂದು ಕೊಳವೆ. ಮೊದಲು ನೀರಿಳಿಯದ ಬಣ್ಣ ಬಳಿದು, ಬೇರು ಇಳಿಯದ ಹಾಗೆ ದಪ್ಪ ಪ್ಲಾಸ್ಟಿಕ್ ಹಾಸಿ, ಅದರ ಮೇಲೆ ಸಣ್ಣ ಜಲ್ಲಿ, ಜಲ್ಲಿಯ ಮೇಲೆ ಇಟ್ಟಿಗೆ ಪುಡಿ ಬೆರೆಸಿದ ತೆಳ್ಳನೆಯ ಮಣ್ಣು, ಕೊನೆಗೆ ಚಾಪೆ. ಅಂಚಿಗೆ ಅಂಚು ಕೂಡಿಸಿ ಒತ್ತಿದರೆ ಎಲ್ಲಿ ಒಂದು ಚಾಪೆ ಮುಗಿಯಿತು, ಎಲ್ಲಿ ಇನ್ನೊಂದು ಶುರುವಾಯಿತು ಎಂದು ನನಗೇ ಗೊತ್ತಾಗಬಾರದು. ಆ ವಿಷಯದಲ್ಲಿ ನನಗೆ ಸ್ವಲ್ಪ ಜಂಬವೂ ಉಂಟು.

ಅವತ್ತೂ ಗೊತ್ತಾಗಲಿಲ್ಲ. ಅದೇ ಕಷ್ಟಕ್ಕೆ ಬಂತು. ಮೇಲೆ ಬಂದು ನೋಡಿದ ದೊಡ್ಡ ಸೊಸೆ, ನಮ್ಮದು ಎಲ್ಲಿಗೆ ನಿಲ್ಲುತ್ತದೆ ಎಂದು ಕೇಳಿದರು. ಏಣಿಯ ತುದಿಯಿಂದ ಕತ್ತು ಎತ್ತಿದ್ದ ಚಿಕ್ಕ ಸೊಸೆಯ ಮುಖದಲ್ಲೂ ಅದೇ ಪ್ರಶ್ನೆ. ನಾನು ಗಿಡಕ್ಕೆ ಪಾಲು ಗೀಲು ಏನೂ ಇಲ್ಲ ಎಂದು ಸಿಡುಕುವಷ್ಟರಲ್ಲಿ, ತಮಾಷೆಗೆ ಜೀವ ಬಿಡುವ ನನ್ನ ಭಾವಮೈದ ಗಾರೆ ಕೆಲಸದ ನೂಲು ತೆಗೆದು, ಕೆಳಗಿನ ಗೋಡೆಯ ನೇರಕ್ಕೆ, ನಡುಮಧ್ಯದ ಎತ್ತರದ ಮೇಲೇ ಈ ಕಡೆಯಿಂದ ಆ ಕಡೆಗೆ ಬಿಗಿಯಾಗಿ ಎಳೆದು ಎರಡು ಮೊಳೆಗೆ ಕಟ್ಟಿದ.

"ತಕಳ್ರವ್ವ, ಗಿಡಾನೂ ಬಾಗ ಆಯ್ತು" ಎಂದ.

ಅವನಿಗೆ ನಗು. ಆದರೆ ಆ ಇಬ್ಬರೂ ನಗಲಿಲ್ಲ. ಇಬ್ಬರೂ ನೂಲನ್ನು ಕಣ್ಣಳತೆಯಲ್ಲಿ ನೋಡಿ, ಸರಿಯಾಗಿದೆ ಎಂಬಂತೆ ತಲೆಯಾಡಿಸಿ ಇಳಿದುಹೋದರು. ನೂಲು ಬಿಚ್ಚು ಎಂದು ನಾನು ಹೇಳಬೇಕಿತ್ತು. ಊಟಕ್ಕೆ ಹೊತ್ತಾಗಿತ್ತು. ಬೋರ್ಡು ನೇತುಹಾಕಿ ಹೊರಟೆವು.

ಸಂಕ್ರಾಂತಿ ಕಳೆದು ಎರಡು ಮೂರು ದಿನಕ್ಕೆ ದೊಡ್ಡ ಸೊಸೆಯ ಫೋನು ಬಂತು. "ಅಣ್ಣ, ನಿಮ್ ಚಾಪೆ ಕೊಳ್ತು ನಾರ್ತಾ ಅದೆ" ಎಂದರು. ಅದನ್ನು ಹೇಳಿ ಮುಗಿಸುವಷ್ಟರಲ್ಲಿ ಚಿಕ್ಕ ಸೊಸೆಯ ಫೋನೂ ಬಂತು. ಮೊದಲ ಬಾರಿಗೆ ಆ ಇಬ್ಬರೂ ಒಂದು ಮಾತಿನ ಮೇಲೆ ನಿಂತಿದ್ದರು, ಅದು ನನ್ನ ಚಾಪೆ ಸರಿಯಿಲ್ಲ ಎಂಬ ಮಾತಾಗಿತ್ತು. ದಾರಿಯುದ್ದಕ್ಕೂ ನಾನು ನಾರು ಕೊಟ್ಟವನನ್ನು ಬೈದೆ, ಇಟ್ಟಿಗೆ ಪುಡಿಯವನನ್ನು ಬೈದೆ. ಬೈಯಲು ಬೇರೆ ಯಾರೂ ಉಳಿಯದೆ ಬೈಕಿನ ಹಿಂದೆ ಕೂತಿದ್ದ ಭಾವಮೈದನನ್ನು ಬೈದೆ.

ಮೇಲೆ ಹತ್ತಿ ನೋಡಿದರೆ ಅಳು ಬರುವಂತಿತ್ತು. ಬಲಗಡೆ ಪೂರ್ತಿ ಕಪ್ಪಗಾಗಿ ಲೋಳೆಯಾಗಿತ್ತು. ಎಡಗಡೆಯೂ ಅಷ್ಟೇ, ಜೊತೆಗೆ ಗಂಜಲದ ಘಾಟು. ಕಾಲಿಟ್ಟರೆ ಪಚಪಚ ಎನ್ನುತ್ತಿತ್ತು. ಮಳೆಯ ಸುಳಿವಿಲ್ಲದ ತಿಂಗಳಲ್ಲಿ ಇಷ್ಟು ನೀರು ಎಲ್ಲಿಂದ ಬಂತು ಎಂದು ಹುಡುಕಿಕೊಂಡು ಹೋದರೆ, ಎರಡೂ ತುದಿಯ ಕೊಳವೆಗಳಿಗೆ ಹಳೇ ಬಟ್ಟೆ ತುರುಕಿತ್ತು. ಒಂದಕ್ಕೆ ಹಳೇ ಲಂಗ, ಇನ್ನೊಂದಕ್ಕೆ ಪಂಚೆಯ ತುಂಡು.

ಇಬ್ಬರನ್ನೂ ಕೇಳಿದೆ. ನೀರು ಹಾಕಿದಿರಾ? ಇಲ್ಲವೇ ಇಲ್ಲ ಎಂದರು ದೊಡ್ಡವರು. ಬೋರ್ಡು ಹಾಕಿದ್ದೀರಲ್ಲ, ನಮಗೆ ಓದೋಕೆ ಬರಲ್ವೇ ಎಂದರು ಚಿಕ್ಕವರು. ಇಬ್ಬರ ಮುಖವೂ ಬೆಣ್ಣೆಯ ಹಾಗೆ. ನಾನು ಸೋತು ಕೆಳಗಿಳಿದು ಅಜ್ಜಿಯ ಮುಂದೆ ಕೂತೆ. ಆ ತಿಂಗಳು ಅವರು ಬಲಗಡೆಯ ಪಾಳಿಯಲ್ಲಿದ್ದರು.

"ನಂಗೆ ಕಣ್ ಮಂಜು ಕಣ್ ಮಗ, ಕಿವಿ ನೆಟ್ಗದೆ" ಎಂದರು ಅಜ್ಜಿ ಮೆಲ್ಲಗೆ. "ಬೆಳಿಗ್ಗೆ ಆಲು ಕರುದ್ಮ್ಯಾಲೆ ಮೆಟ್ಲಲ್ಲಿ ಕಾಲ್ಗೆಜ್ಜೆ ಮೇಲಕ್ಕೋಯ್ತದೆ. ಅದು ಇಳುದ್ಮ್ಯಾಲೆ ಏಣಿ ಕಿರ್ರಂತದೆ. ದಿನಾ ಇದೇ ಕಣಪ್ಪ. ಯಾರ್ ಅಂತ ನಾ ಏಳಾಕಿಲ್ಲ."

ಆಮೇಲೆ ಸೊಸೆಯರ ಬಾಯಿಂದಲೇ ಒಂದೊಂದೇ ಹೊರಬಂತು. ನೂಲು ಕಟ್ಟಿದ ಮರುದಿನ ದೊಡ್ಡ ಸೊಸೆಗೆ ಆ ಕಡೆಯದು ಒಂದು ಕೈ ಹೆಚ್ಚು ಹಸಿರಾಗಿ ಕಂಡಿದೆ. ಪಾಪದ ಗಿಡ, ಒಂದು ಬಿಂದಿಗೆ ನೀರಿಗೆ ಏನಾಗುತ್ತದೆ ಎಂದು ಹಾಕಿದ್ದಾರೆ. ಅದನ್ನು ಏಣಿಯಿಂದ ಕಂಡ ಚಿಕ್ಕ ಸೊಸೆ ತಾನು ಹಾಕದೆ ಊರವರ ಮುಂದೆ ತನ್ನ ಪಾಲು ಬಾಡಿ ನಿಂತರೆ ಮಾನವೇನಾಗಬೇಕು ಎಂದು ಎರಡು ಬಿಂದಿಗೆ ಹಾಕಿದ್ದಾರೆ. ಒಬ್ಬರು ನೀರು ಕೆಳಗೆ ಸುಮ್ಮನೆ ಹರಿದುಹೋಗುತ್ತದಲ್ಲ ಎಂದು ಕೊಳವೆ ಮುಚ್ಚಿದರೆ, ಇನ್ನೊಬ್ಬರೂ ಮುಚ್ಚಿದ್ದಾರೆ. ಕೊನೆಗೆ ಚಿಕ್ಕ ಸೊಸೆ ಗಂಜಲಕ್ಕೆ ಕೈ ಹಾಕಿದ್ದಾರೆ. ನಾನು ಏನಾದರೂ ಕೂಗಾಡುವ ಮೊದಲೇ ಅವರು ನನ್ನನ್ನೇ ಕೇಳಿದರು.

"ಮೋಲ್ಡ್ ಆಕ್ದಾಗ ಪಾತಿ ಕಟ್ಟಿ ನೀರು ನಿಲ್ಸಾಕಿಲ್ವಾ ಅಣ್ಣ? ತಾರ್ಸಿ ಮ್ಯಾಲೆ ಏನೇ ಆಕುದ್ರೂ ನೀರು ನಿಂತ್ರೆ ತಾನೆ ಗಟ್ಟಿ ಆಗದು?"

ನಮ್ಮ ಸೀಮೆಯಲ್ಲಿ ಹೊಸದಾಗಿ ಕಾಂಕ್ರೀಟ್ ಹಾಕಿದ ತಾರಸಿಗೆಲ್ಲ ಪಾತಿ ಕಟ್ಟಿ ದಿನಗಟ್ಟಲೆ ನೀರು ನಿಲ್ಲಿಸುತ್ತಾರೆ. ನಾನೂ ನನ್ನ ಮನೆಗೆ ನಿಲ್ಲಿಸಿದವನೇ.

ಕೆಲಸ ಮುಗಿಯಿತು, ಕಸುಬೂ ಮುಗಿಯಿತು ಎಂದುಕೊಂಡು ಮತ್ತೆ ಮೇಲೆ ಹತ್ತಿದೆ. ಎಲ್ಲವನ್ನೂ ಕಿತ್ತು ಹಾಕಬೇಕಿತ್ತು. ನನ್ನ ಅಂಗಳದಲ್ಲಿದ್ದ ಚಾಪೆಗಳೆಲ್ಲ ಬೇರೆ ಮನೆಗಳಿಗೆ ಹೋಗಿಯಾಗಿತ್ತು. ಹೊಸದು ಯುಗಾದಿಯೊಳಗೆ ಬೆಳೆಯುವ ಮಾತೇ ಇರಲಿಲ್ಲ. ಆಗ ಭಾವಮೈದ ನನ್ನ ತೋಳು ಹಿಡಿದು ನೂಲಿನ ಕಡೆ ತಿರುಗಿಸಿದ.

ನೂಲಿನ ಉದ್ದಕ್ಕೂ, ಆ ಕಡೆ ಒಂದು ಮೊಳ, ಈ ಕಡೆ ಒಂದು ಮೊಳ, ಗಿಡ ದಟ್ಟವಾಗಿ, ಹೊಳೆಯುತ್ತಾ, ನಾನು ಇದುವರೆಗೆ ಎಲ್ಲೂ ಬೆಳೆಸದಷ್ಟು ಚೆನ್ನಾಗಿ ಬೆಳೆದಿತ್ತು. ಕೆಲವು ಕಡೆ ನೂಲಿನ ಮೇಲೇ ಹತ್ತಿ ಅದನ್ನು ಮುಚ್ಚಿಹಾಕಿತ್ತು. ನಾನು ಬಗ್ಗಿ ಮುಟ್ಟಿ ನೋಡಿದೆ, ಒಣ ಮಣ್ಣು. ಕಾರಣ ಗೊತ್ತಾಗಲು ಹೊತ್ತು ಹಿಡಿಯಲಿಲ್ಲ. ತಮ್ಮ ನೀರು ಎಲ್ಲಿ ಅವರ ಪಾಲಿಗೆ ಹೋಗಿಬಿಡುತ್ತದೋ ಎಂದು ಇಬ್ಬರೂ ನೂಲಿನಿಂದ ಒಂದು ಮೊಳ ದೂರವೇ ನಿಲ್ಲಿಸಿದ್ದರು. ಎತ್ತರದ ಜಾಗ, ನೀರು ನಿಲ್ಲುವ ಭಯವೂ ಇಲ್ಲ. ಇಡೀ ತಾರಸಿಯಲ್ಲಿ ಯಾರೂ ಕಾಳಜಿ ಮಾಡದ ಜಾಗ ಅದೊಂದೇ. ಅದರ ನೇರ ಕೆಳಗೆ ಅಜ್ಜಿಯ ಕೋಣೆ.

ನಾನು ನೂಲಿನ ಪಕ್ಕ ಕೂತುಬಿಟ್ಟೆ. ಎಷ್ಟೋ ಹೊತ್ತು ನಕ್ಕೆ. ಭಾವಮೈದ, "ನೋಡ್ದಾ ಬಾವ, ನೂಲ್ ಕಟ್ಟಿದ್ಕೇ ಉಳ್ಕತು" ಎಂದು ಆ ಹೆಸರನ್ನೂ ತಾನೇ ಹೊಡೆದುಕೊಂಡ. ಮೊದಲನೇ ಸಲ ಅವನನ್ನು ಬೈಯಲು ನನಗೆ ಮನಸ್ಸು ಬರಲಿಲ್ಲ.

ಈ ಗಿಡದ ಒಂದು ಒಳ್ಳೆಯ ಗುಣವೆಂದರೆ ಮುರಿದರೆ ಸಾಯುವುದಿಲ್ಲ. ಮುರಿದ ತುಂಡು ಬಿದ್ದಲ್ಲೇ ಬೇರು ಬಿಡುತ್ತದೆ. ಕೊಳೆತದ್ದನ್ನು ಕಿತ್ತು, ಕೊಳವೆ ಬಿಡಿಸಿ, ಮಣ್ಣು ಒಣಗಲು ಬಿಟ್ಟೆವು. ಆಮೇಲೆ ಬದುಕಿದ ಆ ಪಟ್ಟಿಯಿಂದ ಕುಡಿ ಮುರಿದು ಎರಡೂ ಕಡೆಗೆ ಚೆಲ್ಲಿ ಒತ್ತುತ್ತಾ ಬರುವ ಕೆಲಸ. ತುಂಡು ಸಣ್ಣ, ತಾರಸಿ ದೊಡ್ಡದು, ನಮ್ಮಿಬ್ಬರ ಕೈ ಸಾಲುವ ಹಾಗಿರಲಿಲ್ಲ. ಹಾಳು ಮಾಡಿದವರೇ ಬನ್ನಿ ಎಂದು ನಾನು ಕೆಳಕ್ಕೆ ಕೂಗಿದೆ. ಬಂದರು. ದೊಡ್ಡ ಸೊಸೆ ಮೆಟ್ಟಿಲಿನಿಂದ, ಚಿಕ್ಕ ಸೊಸೆ ಏಣಿಯಿಂದ. ಬೇರೆಲ್ಲೂ ಗಿಡವಿಲ್ಲವಾದ್ದರಿಂದ ಇಬ್ಬರೂ ನೂಲಿನ ಆ ಕಡೆ ಈ ಕಡೆ ಎದುರುಬದುರು ಕೂರಲೇಬೇಕಾಯಿತು. ಮೊದಲ ದಿನ ಇಬ್ಬರೂ ತಲೆ ಎತ್ತದೆ ಕುಡಿ ಮುರಿದರು. ಎರಡನೇ ದಿನ ಚಿಕ್ಕ ಸೊಸೆ ಗಿಡದ ಕಡೆ ನೋಡುತ್ತಾ, ಕೆಲವರು ಬೇರು ಸಮೇತ ಕೀಳ್ತಾರೆ ಎಂದರು. ದೊಡ್ಡ ಸೊಸೆ ಆಕಾಶದ ಕಡೆ ನೋಡುತ್ತಾ, ಕೆಲವರು ಗಂಜಲ ಉಯ್ಯೋದಕ್ಕಿಂತ ವಾಸಿ ಎಂದರು. ನಾನು ಭಾವಮೈದನಿಗೆ ಕಣ್ಣು ಹೊಡೆದೆ. ಜಗಳವಾದರೂ ಅದು ಮಾತೇ ತಾನೆ.

ಕೊನೆಯ ದಿನ ಅಜ್ಜಿ ತಾವೂ ನೋಡಬೇಕೆಂದು ಮೆಟ್ಟಿಲು ಹತ್ತಿ ಬಂದರು. ಇಬ್ಬರು ಸೊಸೆಯರೂ ಒಂದೊಂದು ತೋಳು ಹಿಡಿದಿದ್ದರು. ಮೇಲೆ ಬಂದವರು ಕಾಲಿಗೆ ತೊಡರಿದ ನೂಲನ್ನು, ಇದ್ಯಾಕೆ ಇಲ್ಲಿ ಎಂದು ಯಾರನ್ನೂ ಕೇಳದೆ ಬಿಚ್ಚಿ, ಬೆರಳಿಗೆ ಸುತ್ತಿಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡರು.

ಯುಗಾದಿ ಹತ್ತಿರ ಬಂದ ಹಾಗೆ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಆ ಅಮಾವಾಸ್ಯೆಯ ದಿನ ಮಧ್ಯಾಹ್ನದ ಬಿಸಿಲಲ್ಲಿ ಶಾಗ್ಯಕ್ಕೆ ಹೋದೆ. ಬಂಡೆಗಳಿಂದ ಬೆಂಕಿ ಏಳುತ್ತಿತ್ತು. ತಾರಸಿ ಹತ್ತಿದರೆ ಪೂರ್ತಿ ಮುಚ್ಚಿಕೊಂಡಿರಲಿಲ್ಲ, ಅಲ್ಲಲ್ಲಿ ಮಣ್ಣು ಕಾಣುತ್ತಿತ್ತು. ಆದರೆ ಕೋಣೆಯ ಮೇಲೆ ದಟ್ಟ ಹಸಿರು. ಇಳಿದು ಬಂದೆ. ಹೊಸಿಲುಗಳನ್ನು ನೋಡಿದೆ. ಬಲಗಡೆಯಲ್ಲೂ ಎಡಗಡೆಯಲ್ಲೂ ಹಾಸಿಗೆಯ ಸುರುಳಿ ಇರಲಿಲ್ಲ.

ಅಜ್ಜಿ ನಡುಕೋಣೆಯಲ್ಲಿದ್ದರು. ಮೂಟೆಗಳು ಹೋಗಿದ್ದವು. ಹಾಸಿಗೆ ಬಿಚ್ಚಿ ಹಾಸಿತ್ತು. ಮೂಲೆಯಿಂದ ಮೂಲೆಗೆ ಆ ಗಾರೆ ನೂಲು ಕಟ್ಟಿ ಅದರ ಮೇಲೆ ತಮ್ಮ ಸೀರೆ ಒಣಹಾಕಿದ್ದರು. ಎರಡೂ ಬಾಗಿಲು ತೆರೆದಿದ್ದವು. ಹೊರಗಿನಿಂದ ಬಂದ ನನ್ನ ಬೆವರು ಅಲ್ಲಿ ಆರತೊಡಗಿತು. ತಂಪಿದೆಯಾ ಅಜ್ಜಿ ಎಂದು ಕೇಳಿದೆ.

"ತಂಪಿಗೇನೂ ಕಮ್ಮಿ ಇಲ್ಲ ಕಣ್ ಮಗ" ಎಂದು ಅಜ್ಜಿ ನನ್ನನ್ನು ಹತ್ತಿರ ಕರೆದು ದನಿ ತಗ್ಗಿಸಿದರು. "ಆದ್ರೆ ಈಗ ಪಾಳಿ ಇಲ್ಲ ನೋಡು, ಇಬ್ರೂ ಕಾಪಿ ತತ್ತರೆ. ಆ ಬಾಗ್ಲಿಂದ ಒಂದು ಲೋಟ, ಈ ಬಾಗ್ಲಿಂದ ಒಂದು ಲೋಟ. ಅವಳು ಮುದ್ದೆ ತಂದ್ರೆ ಇವಳು ದೊಡ್ಡ ಮುದ್ದೆ ತತ್ತಳೆ. ಇಂಗೇ ಆದ್ರೆ ನಾನೂ ನಿನ್ ಗಿಡದಂಗೆ ಕೊಳ್ತೋಯ್ತೀನಿ. ನಿನ್ನ ಆ ಬೋರ್ಡು ತಂದು ನನ್ ಕತ್ಗೆ ನೇತಾಕು."

ಹೇಳುತ್ತಿದ್ದ ಹಾಗೇ ಬಲಬಾಗಿಲಲ್ಲಿ ದೊಡ್ಡ ಸೊಸೆ ಕಾಫಿ ಹಿಡಿದು ಬಂದರು. ಅವರು ಲೋಟ ಇಡುವಷ್ಟರಲ್ಲಿ ಎಡಬಾಗಿಲಲ್ಲಿ ಚಿಕ್ಕ ಸೊಸೆ. ಲೋಟಗಳೆರಡೂ ಅಜ್ಜಿಯ ಮುಂದೆ ಅಕ್ಕಪಕ್ಕ ಕೂತವು. ಇಬ್ಬರೂ ತಂತಮ್ಮ ಬಾಗಿಲಲ್ಲೇ ನಿಂತು, ಅತ್ತೆ ಯಾವುದಕ್ಕೆ ಕೈ ಹಾಕುತ್ತಾರೆ ಎಂದು ಕಾಯತೊಡಗಿದರು.

ಅಜ್ಜಿ ತಲೆದಿಂಬಿನ ಹತ್ತಿರವಿದ್ದ ಚೊಂಬನ್ನು ಎಳೆದುಕೊಂಡರು. ಅದರಲ್ಲಿದ್ದ ನೀರನ್ನು ಒಂದೇ ಗುಟುಕಿಗೆ ಕುಡಿದು ಖಾಲಿ ಮಾಡಿ, ಎರಡೂ ಲೋಟದ ಕಾಫಿಯನ್ನು ಅದಕ್ಕೇ ಬಗ್ಗಿಸಿದರು. ಚೊಂಬನ್ನು ಒಮ್ಮೆ ಕುಲುಕಿ, ಅರ್ಧ ಒಂದು ಲೋಟಕ್ಕೆ, ಅರ್ಧ ಇನ್ನೊಂದಕ್ಕೆ ಹಾಕಿ, ಒಂದನ್ನು ನನ್ನ ಕೈಗಿಟ್ಟರು. ನಾನು ಕುಡಿದೆ. ಹೇಗಿದೆ ಎಂದು ಎರಡೂ ಬಾಗಿಲಿಂದ ಒಟ್ಟಿಗೇ ಕೇಳಿದರು. ಚೆನ್ನಾಗಿದೆ ಎಂದೆ, ನಿಜಕ್ಕೂ ಚೆನ್ನಾಗಿತ್ತು.